ಎಂಟನೇ ಬಿಟ್‌ನ ವ್ಯಾಜ್ಯ

ನಮ್ಮ 'ಕ' ಅಕ್ಷರವನ್ನು ಕಂಪ್ಯೂಟರ್ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್‌ಗಳಾಗಿ ಇಟ್ಟುಕೊಳ್ಳುತ್ತದೆ: 224, 178, 149. ಸಿ ಭಾಷೆಯಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಈ ಮೂರು ಬೈಟ್‌ಗಳನ್ನು 'ಚಾರ್' ಎಂಬ ಟೈಪಿನ ವೇರಿಯಬಲ್‌ಗಳಲ್ಲಿ ತುಂಬಿ, ಒಳಗಿರುವ ಸಂಖ್ಯೆ ಎಷ್ಟೆಂದು ಮುದ್ರಿಸಿ ನೋಡಿ. ಲಿನಕ್ಸ್ ಹಾಕಿದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ 224, 178, 149 ಎಂದೇ ಬರುತ್ತದೆ. ಒಂದಕ್ಷರವನ್ನೂ ತಿದ್ದದೆ ಅದೇ ಪ್ರೋಗ್ರಾಮನ್ನು ಇಂಟೆಲ್ ಪ್ರೊಸೆಸರ್‌ನ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಓಡಿಸಿದರೆ −32, −78, −107 ಎಂದು ಬರುತ್ತದೆ.

ಯಾವ ಕಂಪೈಲರೂ ತಪ್ಪು ಮಾಡಿಲ್ಲ. ಬರಿಯ ಚಾರ್ ಎಂದು ಬರೆದಾಗ ಅದು ಋಣ ಸಂಖ್ಯೆಯನ್ನು ಹಿಡಿಯುವ 'ಸೈನ್ಡ್' ಟೈಪೋ, ಸೊನ್ನೆಯಿಂದ ಮೇಲಕ್ಕಷ್ಟೇ ಎಣಿಸುವ 'ಅನ್‌ಸೈನ್ಡ್' ಟೈಪೋ ಎಂಬುದನ್ನು ಸಿ ಭಾಷೆಯ ಸ್ಟ್ಯಾಂಡರ್ಡ್ ತೀರ್ಮಾನಿಸಿಲ್ಲ. ಆಯ್ಕೆ ಕಂಪೈಲರ್ ಬರೆಯುವವರದು. ಐವತ್ತು ವರ್ಷಗಳಿಂದ ಹಾಗೇ ಉಳಿದಿರುವ ಈ ಪ್ರಶ್ನೆ ಎಲ್ಲಿ ಹುಟ್ಟಿತು, ಯಾರಿಗೆ ಏಟು ಕೊಟ್ಟಿತು, ಈಗ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಕನ್ನಡದಲ್ಲಿ ತಂತ್ರಾಂಶ ಬರೆಯುವವರೂ ಬಳಸುವವರೂ ತಿಳಿದಿರಬೇಕು. ಕಾರಣ ನೇರವಾಗಿದೆ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಅಕ್ಷರಗಳೆಲ್ಲ 0ಯಿಂದ 127ರ ಒಳಗಿವೆ. ಅಲ್ಲಿ ವ್ಯಾಜ್ಯವೇ ಇಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರದ ಪ್ರತಿಯೊಂದು ಬೈಟೂ 128ರಿಂದ ಮೇಲಿದೆ. ವ್ಯಾಜ್ಯದ ಜಮೀನಿನಲ್ಲೇ ನಮ್ಮ ಮನೆ ಕಟ್ಟಿದೆ.

ಒಂದೇ ಬೈಟ್, ಎರಡು ಓದು

ಬೈಟ್ ಎಂದರೆ ಎಂಟು ಬಿಟ್. ಎಂಟು ಬಿಟ್‌ಗಳಲ್ಲಿ 256 ಬಗೆಯ ಜೋಡಣೆ ಸಾಧ್ಯ. ಅವನ್ನು 0ಯಿಂದ 255ರವರೆಗೆ ಎಣಿಸಬಹುದು. ಇಲ್ಲವೇ ತುದಿಯ ಎಂಟನೇ ಬಿಟ್ಟನ್ನು ಚಿಹ್ನೆಗೆ ಮೀಸಲಿಟ್ಟು −128ರಿಂದ 127ರವರೆಗೆ ಎಣಿಸಬಹುದು. ಬೈಟ್ ಬೈಟಾಗಿಯೇ ಇರುವ ತನಕ ಯಾವ ತೊಂದರೆಯೂ ಇಲ್ಲ. ಫೈಲಿಗೆ ಬರೆದರೂ ಪರದೆಗೆ ಕಳಿಸಿದರೂ ಅವೇ ಎಂಟು ಬಿಟ್‌ಗಳು ಹೋಗುತ್ತವೆ. ಬೈಟನ್ನು ದೊಡ್ಡ ಪಾತ್ರೆಗೆ, ಅಂದರೆ 32 ಬಿಟ್‌ನ ಪೂರ್ಣಾಂಕಕ್ಕೆ, ಸುರಿದಾಗ ವ್ಯತ್ಯಾಸ ಎದ್ದು ಬರುತ್ತದೆ. ಅನ್‌ಸೈನ್ಡ್ ಆಗಿದ್ದರೆ ಮುಂದಿನ 24 ಬಿಟ್‌ಗಳಲ್ಲಿ ಸೊನ್ನೆ ತುಂಬುತ್ತದೆ. ಸೈನ್ಡ್ ಆಗಿದ್ದು ಎಂಟನೇ ಬಿಟ್ 1 ಆಗಿದ್ದರೆ ಆ 24 ಜಾಗಗಳಲ್ಲೂ 1 ತುಂಬುತ್ತದೆ. ಇದಕ್ಕೆ ಚಿಹ್ನೆಯ ವಿಸ್ತರಣೆ ಎಂದು ಹೆಸರು.

ಸಿ ಭಾಷೆಯಲ್ಲಿ ಈ ಸುರಿಯುವಿಕೆ ಪ್ರೋಗ್ರಾಮರ್ ಕೇಳದೆಯೇ ನಡೆಯುತ್ತದೆ. ಕೂಡಿದರೆ, ಹೋಲಿಸಿದರೆ, ಪಕ್ಕಕ್ಕೆ ಸರಿಸಿದರೆ ಚಾರ್ ತಾನಾಗಿ ಪೂರ್ಣಾಂಕವಾಗುತ್ತದೆ. ಹಾಗಾಗಿ ತಪ್ಪು ಸಾಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲಿಷ್ ಪಠ್ಯ ಕೊಟ್ಟು ಪರೀಕ್ಷಿಸಿದವರಿಗೆ ಫಲಿತಾಂಶದಲ್ಲಿಯೂ ಸಿಗುವುದಿಲ್ಲ.

ಯಂತ್ರಗಳಿಂದ ಬಂದ ಬಳುವಳಿ

ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಯನ್ನು ರೂಪಿಸಿದಾಗ ಎದುರಿಗಿದ್ದದ್ದು ಪಿಡಿಪಿ-11 ಯಂತ್ರ. ಆ ಯಂತ್ರದಲ್ಲಿ ಒಂದು ಬೈಟನ್ನು ರಿಜಿಸ್ಟರಿಗೆ ತರುವ ಆದೇಶವೇ ಚಿಹ್ನೆಯನ್ನು ವಿಸ್ತರಿಸುತ್ತಿತ್ತು. ಬೇಡವೆಂದರೆ ಮೇಲಿನ ಬಿಟ್‌ಗಳನ್ನು ಅಳಿಸಲು ಇನ್ನೊಂದು ಆದೇಶ ಬೇಕಿತ್ತು. ನೆನಪಿನ ಜಾಗವೂ ವೇಗವೂ ದುಬಾರಿಯಾಗಿದ್ದ ಆ ದಿನಗಳಲ್ಲಿ ಚಾರ್ ಸಹಜವಾಗಿಯೇ ಸೈನ್ಡ್ ಆಯಿತು. ಸಿ ಬೇರೆ ಯಂತ್ರಗಳಿಗೆ ಹೋದಾಗ ಲೆಕ್ಕ ತಿರುವುಮುರುವಾಯಿತು. ಐಬಿಎಂ 370ರಲ್ಲಿ ಬೈಟ್ ತರುವ ಆದೇಶ ಚಿಹ್ನೆಯನ್ನು ವಿಸ್ತರಿಸುತ್ತಿರಲಿಲ್ಲ. ಮೇಲಾಗಿ ಅಲ್ಲಿನ ಎಬ್‌ಸಿಡಿಕ್ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ 'ಎ' 193ರಲ್ಲಿದೆ, ಅಂಕಿಗಳು 240ರಿಂದ 249ರವರೆಗಿವೆ. ಸೈನ್ಡ್ ಎಂದು ಓದಿದರೆ ಎ-ಬಿ-ಸಿ-ಡಿಯೇ ಋಣ ಸಂಖ್ಯೆಗಳಾಗಿಬಿಡುತ್ತವೆ.

1978ರಲ್ಲಿ ಕರ್ನಿಗನ್ ಮತ್ತು ರಿಚಿ ತಮ್ಮ ಪ್ರಸಿದ್ಧ ಪುಸ್ತಕವನ್ನು ಹೊರತರುವಷ್ಟರಲ್ಲಿ ಸಿ ನಾಲ್ಕಾರು ಬಗೆಯ ಯಂತ್ರಗಳ ಮೇಲೆ ಓಡುತ್ತಿತ್ತು. ಹನಿವೆಲ್ 6000ರಲ್ಲಿ ಚಾರ್‌ಗೆ ಒಂಬತ್ತು ಬಿಟ್. ಚಾರ್‌ನ ಚಿಹ್ನೆ ಯಂತ್ರಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಆ ಪುಸ್ತಕ ಅಂದೇ ಎಚ್ಚರಿಸಿತ್ತು. ಅಮೆರಿಕದ ಸ್ಟ್ಯಾಂಡರ್ಡ್ ಸಮಿತಿ 1989ರಲ್ಲಿ ಸಿ ಭಾಷೆಗೆ ಕಟ್ಟುಪಾಡು ಹಾಕಿದಾಗ ಎರಡು ಬಗೆಯ ಯಂತ್ರಗಳಲ್ಲೂ ಬೇಕಾದಷ್ಟು ಕೋಡ್ ಬಳಕೆಯಲ್ಲಿತ್ತು. ಒಂದು ಕಡೆಗೆ ತೀರ್ಪು ಕೊಟ್ಟರೆ ಇನ್ನೊಂದು ಕಡೆಯ ಕೋಡ್ ಮುರಿಯುತ್ತಿತ್ತು. ಸಮಿತಿ ರಾಜಿ ಮಾಡಿಸಿತು. 'ಸೈನ್ಡ್' ಎಂಬ ಹೊಸ ಪದವನ್ನು ಭಾಷೆಗೆ ಸೇರಿಸಿ ಚಾರ್, ಸೈನ್ಡ್ ಚಾರ್, ಅನ್‌ಸೈನ್ಡ್ ಚಾರ್ ಎಂಬ ಮೂರು ಪ್ರತ್ಯೇಕ ಟೈಪ್‌ಗಳನ್ನು ಮಾಡಿತು. ಬರಿಯ ಚಾರ್ ಉಳಿದೆರಡರಲ್ಲಿ ಯಾವುದರಂತೆ ನಡೆದುಕೊಳ್ಳಬೇಕೆಂಬುದನ್ನು ಕಂಪೈಲರ್‌ಗೆ ಬಿಟ್ಟಿತು. ಭಾಷೆಯ ಮೂಲ ಅಕ್ಷರಗಳು ಮಾತ್ರ ಋಣವಾಗಕೂಡದು ಎಂಬ ಷರತ್ತು ಹಾಕಿತು. ಆ ಮೂಲ ಅಕ್ಷರಗಳು ಇಂಗ್ಲಿಷಿನವು. ಇಂಗ್ಲಿಷಿಗೆ ಸಿಕ್ಕ ಭರವಸೆ ಉಳಿದ ಭಾಷೆಗಳಿಗೆ ಸಿಗಲಿಲ್ಲ.

ಇಂದಿನ ನಕ್ಷೆ

ಈಗ ಯಾರು ಯಾವ ಕಡೆ? ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳ ಮೇಲೆ ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಚಾರ್ ಸೈನ್ಡ್. ಆರ್ಮ್ ಪ್ರೊಸೆಸರ್‌ನ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. ಆರಂಭದ ಆರ್ಮ್ ಚಿಪ್‌ಗಳಲ್ಲಿ ಬೈಟನ್ನು ಚಿಹ್ನೆಯೊಡನೆ ತರುವ ಆದೇಶವೇ ಇರಲಿಲ್ಲ, ಅದು ಬಂದದ್ದು ನಾಲ್ಕನೇ ಆವೃತ್ತಿಯ ವಿನ್ಯಾಸದಲ್ಲಿ. ಪವರ್‌ಪಿಸಿ ಲಿನಕ್ಸ್, ಐಬಿಎಂ ಮೇನ್‌ಫ್ರೇಮ್, ಹೊಸದಾಗಿ ಬಂದ ರಿಸ್ಕ್-ಫೈವ್ ಕೂಡ ಅನ್‌ಸೈನ್ಡ್ ಪಾಳಯದಲ್ಲಿವೆ. ಆದರೆ ಪ್ರೊಸೆಸರ್ ಒಂದನ್ನೇ ನೋಡಿ ಹೇಳುವಂತಿಲ್ಲ. ಆಪಲ್ ತನ್ನ ಆರ್ಮ್ ಚಿಪ್‌ಗಳಲ್ಲೂ ಚಾರನ್ನು ಸೈನ್ಡ್ ಆಗಿಯೇ ಇಟ್ಟಿದೆ. ಆರ್ಮ್ ಮೇಲಿನ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಕಂಪೈಲರೂ ಹಾಗೆಯೇ ಮಾಡುತ್ತದೆ. ಒಂದೇ ಬಗೆಯ ಚಿಪ್ ಇರುವ ಎರಡು ಯಂತ್ರಗಳಲ್ಲಿ, ಆಪರೇಟಿಂಗ್ ಸಿಸ್ಟಂ ಬೇರೆಯಾದ ಮಾತ್ರಕ್ಕೆ ಉತ್ತರ ಬೇರೆಯಾಗುತ್ತದೆ.

ಬಹುಕಾಲ ಈ ಭೇದ ಹೆಚ್ಚು ಜನರನ್ನು ಕಾಡಲಿಲ್ಲ. ಮೇಜಿನ ಮೇಲೂ ಸರ್ವರ್ ಕೋಣೆಯಲ್ಲೂ ಇಂಟೆಲ್ ವಂಶದ ಯಂತ್ರಗಳೇ ತುಂಬಿದ್ದವು. 2012ರಲ್ಲಿ ಆರ್ಮ್ ಚಿಪ್ ಇರುವ ರಾಸ್ಪ್‌ಬೆರಿ ಪೈ ಬಂತು. 2018ರಲ್ಲಿ ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ಗ್ರಾವಿಟಾನ್ ಎಂಬ ಆರ್ಮ್ ಸರ್ವರ್‌ಗಳನ್ನು ಬಾಡಿಗೆಗೆ ಇಟ್ಟಿತು. ವರ್ಷಗಟ್ಟಲೆ ಇಂಟೆಲ್ ಮೇಲೆ ಓಡಿದ ಕೋಡನ್ನು ಖರ್ಚು ಉಳಿಸಲು ಆರ್ಮ್ ಸರ್ವರಿಗೆ ಸಾಗಿಸುವುದು ಈಗ ದಿನನಿತ್ಯದ ಕೆಲಸ. ಹಳೆಯ ಪ್ರಶ್ನೆಗೆ ಮತ್ತೆ ಜೀವ ಬಂದಿರುವುದು ಇಲ್ಲಿಂದ.

ಕಾಲು ಜಾರುವ ಜಾಗಗಳು

ತಪ್ಪುಗಳು ನೂರಿದ್ದರೂ ಬೇರುಗಳು ಕೆಲವೇ. ಮೊದಲನೆಯದು ಕಡತದ ಕೊನೆಯನ್ನು ಗುರುತಿಸುವುದು. ಸಿ ಭಾಷೆಯ 'ಗೆಟ್‌ಚಾರ್' ಒಂದೊಂದೇ ಬೈಟನ್ನು ಓದಿ 0ಯಿಂದ 255ರೊಳಗಿನ ಪೂರ್ಣಾಂಕವಾಗಿ ಕೊಡುತ್ತದೆ, ಕಡತ ಮುಗಿದಾಗ ಒಂದು ಋಣ ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆ ಸಾಮಾನ್ಯವಾಗಿ −1. ಉತ್ತರವನ್ನು ಪೂರ್ಣಾಂಕದಲ್ಲಿ ಹಿಡಿಯುವ ಬದಲು ಚಾರ್‌ನಲ್ಲಿ ಹಿಡಿದರೆ ಎರಡು ಕಡೆಯೂ ಪೆಟ್ಟು. ಚಾರ್ ಅನ್‌ಸೈನ್ಡ್ ಆಗಿದ್ದರೆ −1 ಎಂಬುದು 255 ಆಗಿ, ಕೊನೆಯೇ ಕಾಣದೆ ಲೂಪ್ ಸುತ್ತುತ್ತಲೇ ಇರುತ್ತದೆ. ಸೈನ್ಡ್ ಆಗಿದ್ದರೆ ಕಡತದ ನಡುವೆ ಬಂದ 255 ಎಂಬ ನಿಜವಾದ ಬೈಟ್ −1 ಆಗಿ ಕಂಡು, ಓದು ಅರ್ಧಕ್ಕೇ ನಿಲ್ಲುತ್ತದೆ. ಸರಿಯಾದ ಯುಟಿಎಫ್-8 ಪಠ್ಯದಲ್ಲಿ 255 ಬರುವುದೇ ಇಲ್ಲವಾದ್ದರಿಂದ ಕನ್ನಡ ಬರಹ ಇಲ್ಲಿ ಬಚಾವಾಗುತ್ತದೆ. ಚಿತ್ರ, ಧ್ವನಿಯ ಕಡತಗಳು ಸಿಕ್ಕಿಬೀಳುತ್ತವೆ.

ಎರಡನೆಯದು ಕೋಷ್ಟಕ. ಅಕ್ಷರವೋ ಅಂಕಿಯೋ ಖಾಲಿ ಜಾಗವೋ ಎಂದು ಕೇಳುವ 'ಈಸ್‌ಆಲ್ಫಾ', 'ಈಸ್‌ಸ್ಪೇಸ್' ಮುಂತಾದ ಫಂಕ್ಷನ್‌ಗಳು ಹೆಚ್ಚಾಗಿ 256 ಮನೆಗಳ ಕೋಷ್ಟಕವನ್ನು ನೋಡಿ ಉತ್ತರಿಸುತ್ತವೆ. ಅದಕ್ಕೆ −32 ಕೊಟ್ಟರೆ ಕೋಷ್ಟಕದ ಹಿಂದಿನ ಜಾಗಕ್ಕೆ ಕೈ ಹಾಕಿದಂತೆ. ಸ್ಟ್ಯಾಂಡರ್ಡ್ ಪ್ರಕಾರ ಏನು ಬೇಕಾದರೂ ಆಗಬಹುದು. ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿ ಇಂಥ ಕೋಡನ್ನು ಕಾಯಲೆಂದೇ −128ರವರೆಗೆ ಮನೆಗಳನ್ನು ಕಟ್ಟಿಟ್ಟಿದೆ. ಮೈಕ್ರೋಸಾಫ್ಟ್ ಲೈಬ್ರರಿಯ ಡೀಬಗ್ ಆವೃತ್ತಿ ಸಂಖ್ಯೆ −1ರಿಂದ 255ರೊಳಗೆ ಇಲ್ಲವೆಂದು ದೂರಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಕನ್ನಡದ ಒಂದು ಸಾಲನ್ನು ಪದಗಳಾಗಿ ಒಡೆಯಲು ಹೊರಟವರು ಮೊದಲು ಎಡವುವುದು ಇಲ್ಲೇ.

ಮೂರನೆಯದು ಹೋಲಿಕೆ. ಬೈಟ್ ಇಂಗ್ಲಿಷಿನದೋ ಅಲ್ಲವೋ ಎಂದು ತಿಳಿಯಲು ಒಬ್ಬರು '128ಕ್ಕಿಂತ ಹೆಚ್ಚೇ' ಎಂದು ಬರೆಯುತ್ತಾರೆ. ಇಂಟೆಲ್‌ನಲ್ಲಿ ಆ ಮಾತು ಎಂದೂ ನಿಜವಾಗುವುದಿಲ್ಲ. ಇನ್ನೊಬ್ಬರು 'ಸೊನ್ನೆಗಿಂತ ಕಡಿಮೆಯೇ' ಎಂದು ಬರೆಯುತ್ತಾರೆ. ಆರ್ಮ್ ಲಿನಕ್ಸ್‌ನಲ್ಲಿ ಅದು ಎಂದೂ ನಿಜವಾಗುವುದಿಲ್ಲ. ಪದಗಳನ್ನು ಸಾಲಾಗಿ ಜೋಡಿಸಲು ಬೈಟ್‌ನಿಂದ ಬೈಟ್ ಕಳೆದು ನೋಡುವ ಕೋಡ್, ಒಂದು ಯಂತ್ರದಲ್ಲಿ ಕನ್ನಡ ಪದಗಳನ್ನು ಇಂಗ್ಲಿಷಿನ ಮುಂದೆ ಇಡುತ್ತದೆ, ಇನ್ನೊಂದರಲ್ಲಿ ಹಿಂದೆ ಇಡುತ್ತದೆ. ಒಂದರಲ್ಲಿ ಜೋಡಿಸಿದ ನಿಘಂಟನ್ನು ಇನ್ನೊಂದರಲ್ಲಿ ಹುಡುಕಿದರೆ ಇರುವ ಪದವೂ ಸಿಗುವುದಿಲ್ಲ. ಸಿ ಲೈಬ್ರರಿಯ 'ಎಸ್‌ಟಿಆರ್‌ಸಿಎಂಪಿ' ಬೈಟ್‌ಗಳನ್ನು ಅನ್‌ಸೈನ್ಡ್ ಎಂದೇ ಹೋಲಿಸಬೇಕೆಂದು ಸ್ಟ್ಯಾಂಡರ್ಡ್ ಕಟ್ಟುನಿಟ್ಟು ಮಾಡಿದೆ. ಸ್ವಂತ ಕೈಯಿಂದ ಬರೆದುಕೊಂಡವರಿಗೆ ಆ ರಕ್ಷಣೆ ಇಲ್ಲ.

ದಾಖಲಾದ ಮೂರು ಪೆಟ್ಟುಗಳು

ಇವು ಪಠ್ಯಪುಸ್ತಕದ ಲೆಕ್ಕಗಳಲ್ಲ. 1996ರಲ್ಲಿ ಬ್ಯಾಷ್ ಎಂಬ ಕಮಾಂಡ್ ಓದುಗದಲ್ಲಿ 255ನೇ ಬೈಟ್ ಋಣ ಸಂಖ್ಯೆಯಾಗಿ, ಆದೇಶ ಮುಗಿಯಿತೆಂಬ ಗುರುತಾಗಿ ಓದಲ್ಪಡುತ್ತಿತ್ತು. ಅರ್ಧವಿರಾಮದಂಥ ಅಪಾಯಕಾರಿ ಚಿಹ್ನೆಗಳನ್ನು ಸೋಸಿದ ಕಾವಲನ್ನು ದಾಟಿ, ಆ ಬೈಟ್‌ನ ಹಿಂದೆ ಇನ್ನೊಂದು ಆದೇಶವನ್ನು ನುಸುಳಿಸಬಹುದಿತ್ತು. 2003ರಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ಸರ್ವರ್‌ನಲ್ಲಿ ಅದೇ 255, −1 ಆಗಿ, 'ಅಕ್ಷರವಿಲ್ಲ' ಎಂಬ ಒಳಗುರುತಿಗೆ ಸರಿಹೊಂದಿ, ವಿಳಾಸದ ಉದ್ದ ನೋಡುವ ತಪಾಸಣೆಯನ್ನೇ ತಪ್ಪಿಸಿತು. ಅಂದು ಜಗತ್ತಿನ ಮಿಂಚಂಚೆಯ ದೊಡ್ಡ ಪಾಲನ್ನು ಹೊರುತ್ತಿದ್ದ ತಂತ್ರಾಂಶಕ್ಕೆ ತುರ್ತಾಗಿ ತೇಪೆ ಹಾಕಬೇಕಾಯಿತು.

ಮೂರನೆಯದನ್ನು ತುಸು ಹತ್ತಿರದಿಂದ ನೋಡೋಣ. ಪಾಸ್‌ವರ್ಡನ್ನು ಮರಳಿ ಬಿಡಿಸಲಾಗದಂತೆ ಕಲಸಿಡುವ ಬಿಕ್ರಿಪ್ಟ್ ಎಂಬ ವಿಧಾನವಿದೆ. ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೇರ್ 1999ರಲ್ಲಿ ಪ್ರಕಟಿಸಿದ್ದು. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿದ್ದ ಅದರ ಮೂಲ ಕೋಡ್ ಸರಿಯಾಗಿಯೇ ಇತ್ತು. ಪಿಎಚ್‌ಪಿ ಮೊದಲಾದ ಕಡೆ ಬಳಕೆಯಲ್ಲಿದ್ದ ಕ್ರಿಪ್ಟ್-ಬ್ಲೋಫಿಶ್ ಎಂಬ ಇನ್ನೊಂದು ಕೋಡ್‌ನಲ್ಲಿ ಒಂದು ಲೋಪವಿತ್ತು. 2011ರಲ್ಲಿ ಅದು ಬೆಳಕಿಗೆ ಬಂತು. ಆ ಕೋಡ್ ಪಾಸ್‌ವರ್ಡ್‌ನ ನಾಲ್ಕು ನಾಲ್ಕು ಬೈಟ್‌ಗಳನ್ನು ಒಂದು 32 ಬಿಟ್ ಪಾತ್ರೆಗೆ ಸೇರಿಸುತ್ತದೆ: ಇದ್ದದ್ದನ್ನು ಎಂಟು ಬಿಟ್ ಎಡಕ್ಕೆ ಸರಿಸು, ಹೊಸ ಬೈಟನ್ನು ಬೆರೆಸು. ಬೈಟನ್ನು ಬರಿಯ ಚಾರ್ ಎಂದು ಓದಿದ್ದರಿಂದ, ಚಾರ್ ಸೈನ್ಡ್ ಆಗಿರುವ ಯಂತ್ರದಲ್ಲಿ 128ರ ಮೇಲಿನ ಬೈಟ್ ಬಂದರೆ ಅದರ ಮುಂದೆ 24 ಒಂದುಗಳು ತುಂಬುತ್ತವೆ. ಆ ಒಂದುಗಳು ಬೆರೆತಾಗ ಅದೇ ಪಾತ್ರೆಯಲ್ಲಿ ಮೊದಲು ಕೂತಿದ್ದ ಮೂರು ಬೈಟ್‌ಗಳವರೆಗೆ ಅಳಿಸಿಹೋಗುತ್ತವೆ.

ಒಬ್ಬರು 'ಕನ್ನಡ' ಎಂಬ ಪದವನ್ನೇ ಪಾಸ್‌ವರ್ಡ್ ಮಾಡಿಕೊಂಡರು ಎನ್ನಿ. ಕ, ನ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ, ನ, ಡ: ಐದು ಸಂಕೇತ, ಹದಿನೈದು ಬೈಟ್. ಕೊನೆಗೆ ಸೇರುವ ಒಂದು ಸೊನ್ನೆ ಸೇರಿ ಹದಿನಾರು, ಅಂದರೆ ನಾಲ್ಕು ಪಾತ್ರೆ. ಮೊದಲ ಪಾತ್ರೆಯಲ್ಲಿ 'ಕ'ದ ಮೂರು ಬೈಟ್‌ಗಳೂ ನಂತರದ ಬೈಟ್‌ನ ಕೆಳಗೆ ಅಳಿದುಹೋಗುತ್ತವೆ. ಉಳಿಯುವುದು 'ನ'ದ ಮೊದಲ ಬೈಟ್ 224, ಅದು ಕನ್ನಡದ ಎಲ್ಲ ಅಕ್ಷರಗಳಿಗೂ ಸಮಾನ. ಎರಡನೆಯದರಲ್ಲಿ ಉಳಿಯುವುದು ವಿರಾಮದ ನಡುವಿನ ಬೈಟ್ 179. ಕನ್ನಡದ ಅರ್ಧ ಸಂಕೇತಗಳಿಗೆ ಅದೇ ಬೈಟ್. ಮೂರನೆಯದರಲ್ಲಿ ಎರಡನೇ 'ನ'ದ ಕೊನೆಯ ಬೈಟ್, ನಾಲ್ಕನೆಯದರಲ್ಲಿ 'ಡ'ದ ಕೊನೆಯ ಬೈಟ್. ಹದಿನೈದರಲ್ಲಿ ಉಳಿದದ್ದು ನಾಲ್ಕು, ಅದರಲ್ಲೂ ನಿಜವಾದ ಗುಟ್ಟು ಕಾಯುವವು ಎರಡು. ಮೊದಲೆರಡು ಅಕ್ಷರಗಳ ಬದಲು ಕನ್ನಡದ ಇನ್ಯಾವ ಎರಡು ಅಕ್ಷರಗಳನ್ನು ಒತ್ತಿದರೂ ಬಾಗಿಲು ತೆರೆಯುತ್ತಿತ್ತು. ಇದೇ ಉದ್ದದ ಇಂಗ್ಲಿಷ್ ಪಾಸ್‌ವರ್ಡ್‌ಗೆ ಕೂದಲೂ ಕೊಂಕುತ್ತಿರಲಿಲ್ಲ. ತಮ್ಮ ನುಡಿಯಲ್ಲಿ ಗುಟ್ಟು ಇಟ್ಟುಕೊಂಡವರಿಗೇ ಬೀಗ ಸಡಿಲವಾಗಿತ್ತು.

ಲೋಪ ತಿದ್ದುವುದು ಸುಲಭವಾಗಿತ್ತು: ಒಂದು ಕಡೆ 'ಅನ್‌ಸೈನ್ಡ್ ಚಾರ್' ಎಂದು ಬರೆದರೆ ಸಾಕು. ಅದಾಗಲೇ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳ ಗತಿ? ಸರಿಯಾದ ಕೋಡ್‌ಗೆ ಅವು ತಾಳೆಯಾಗುವುದಿಲ್ಲ. ಅದಕ್ಕಾಗಿ ತಪ್ಪು ಲೆಕ್ಕದವಕ್ಕೆ '2ಎಕ್ಸ್', ತಿದ್ದಿದವಕ್ಕೆ '2ವೈ' ಎಂಬ ಹಣೆಪಟ್ಟಿ ಕಟ್ಟಿದರು. ತಪ್ಪಿಗೂ ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಬೇಕಾಯಿತು.

ಡಿಸ್ಕಿನಲ್ಲಿ ಉಳಿದ ಗುರುತು

ಲಿನಕ್ಸ್‌ನ ಎಕ್ಸ್‌ಟಿ3 ಮತ್ತು ಎಕ್ಸ್‌ಟಿ4 ಕಡತ ವ್ಯವಸ್ಥೆಗಳಲ್ಲೂ ಇದೇ ಕಥೆ. ದೊಡ್ಡ ಫೋಲ್ಡರಿನಲ್ಲಿ ಕಡತವನ್ನು ಬೇಗ ಹುಡುಕಲು ಅದರ ಹೆಸರಿನ ಬೈಟ್‌ಗಳಿಂದ ಹ್ಯಾಶ್ ಎಂಬ ಒಂದು ಸಂಖ್ಯೆ ಮಾಡುತ್ತಾರೆ. ಆ ಲೆಕ್ಕ ಚಾರ್ ಮೇಲೆ ನಿಂತಿತ್ತು. ಇಂಟೆಲ್ ಯಂತ್ರದಲ್ಲಿ ಬರೆದ ಡಿಸ್ಕನ್ನು ಪವರ್‌ಪಿಸಿಗೆ ಸಿಕ್ಕಿಸಿದರೆ, ಇಂಗ್ಲಿಷೇತರ ಹೆಸರಿನ ಕಡತ ಪಟ್ಟಿಯಲ್ಲಿ ಕಾಣುತ್ತದೆ, ಹೆಸರು ಹಿಡಿದು ಕರೆದರೆ ಸಿಗುವುದಿಲ್ಲ. ಕೊನೆಗೆ ಡಿಸ್ಕಿನ ಮುಖ್ಯ ದಾಖಲೆಯಲ್ಲೇ ಎರಡು ಗುರುತುಗಳನ್ನು ಸೇರಿಸಿದರು: ಈ ಡಿಸ್ಕಿನ ಲೆಕ್ಕ ಸೈನ್ಡ್, ಈ ಡಿಸ್ಕಿನದು ಅನ್‌ಸೈನ್ಡ್. ಇಂದಿಗೂ ಆ ಗುರುತು ಅಲ್ಲಿದೆ.

ಕರ್ನಲ್ ಕೊಟ್ಟ ತೀರ್ಪು

2022ರ ಅಕ್ಟೋಬರಿನಲ್ಲಿ ವೈರ್‌ಗಾರ್ಡ್ ಎಂಬ ತಂತ್ರಾಂಶ ರೂಪಿಸಿದ ಜೇಸನ್ ಡೊನೆನ್‌ಫೆಲ್ಡ್ ಲಿನಕ್ಸ್‌ನ ತಿರುಳಾದ ಕರ್ನಲನ್ನು ಬರೆಯುವ ಬಳಗದ ಮುಂದೆ ಒಂದು ಪ್ರಸ್ತಾವ ಇಟ್ಟರು: ಯಾವ ಪ್ರೊಸೆಸರ್ ಆದರೂ ಸರಿ, ಕರ್ನಲ್ಲಿನ ಚಾರ್ ಅನ್‌ಸೈನ್ಡ್ ಆಗಿರಲಿ. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳಿಗೆ ಹಾಗೆಂದು ಹೇಳುವ ಆಯ್ಕೆ ಮೊದಲಿನಿಂದ ಇತ್ತು. ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ ಒಪ್ಪಿದರು. 2023ರ ಫೆಬ್ರವರಿಯಲ್ಲಿ ಬಿಡುಗಡೆಯಾದ 6.2ನೇ ಆವೃತ್ತಿಯಿಂದ ಅದು ನಿಯಮವಾಯಿತು. ಬದಲಾವಣೆಗೆ ಮುಂಚೆ, ಚಾರ್‌ನಲ್ಲಿ ಋಣ ಸಂಖ್ಯೆ ಇಟ್ಟುಕೊಂಡಿದ್ದ ಕೋಡನ್ನು ಹುಡುಕಿ ತೆಗೆದರು. ಆರ್‌ಟಿ2ಎಕ್ಸ್00 ಎಂಬ ವೈಫೈ ಡ್ರೈವರ್ ಅವುಗಳಲ್ಲೊಂದು. ಅಂಥ ಕೋಡ್ ಆರ್ಮ್ ಯಂತ್ರಗಳಲ್ಲಿ ಅದಕ್ಕೂ ಮೊದಲೇ ತಪ್ಪಾಗಿ ನಡೆಯುತ್ತಿತ್ತು ಎಂಬುದನ್ನು ಗಮನಿಸಬೇಕು. ಅಷ್ಟು ಹುಡುಕಿದ ಮೇಲೂ ಒಂದು ತಪ್ಪಿಸಿಕೊಂಡಿತು: ಎಕ್ಸ್‌ಟಿ4ರ ಇನ್ನೊಂದು ಹ್ಯಾಶ್ ಲೆಕ್ಕ ಹಳೆಯ ಡಿಸ್ಕುಗಳೊಡನೆ ತಾಳೆಯಾಗಲಿಲ್ಲ. 2023ರ ಜನವರಿಯಲ್ಲಿ ಟೋರ್ವಾಲ್ಡ್ಸ್ ತಾವೇ ಎರಡೂ ಲೆಕ್ಕವನ್ನು ಒಪ್ಪುವ ತಿದ್ದುಪಡಿ ಬರೆದರು.

ಈಚಿನ ಭಾಷೆಗಳು ಈ ಸಂದಿಗ್ಧವನ್ನು ಹುಟ್ಟಿನಲ್ಲೇ ಕಳೆದುಕೊಂಡಿವೆ. ಗೋ ಮತ್ತು ಸಿ-ಶಾರ್ಪ್‌ನಲ್ಲಿ ಬೈಟ್ ಎಂದರೆ ಅನ್‌ಸೈನ್ಡ್. ಜಾವಾದಲ್ಲಿ ಬೈಟ್ ಸೈನ್ಡ್. ಕನ್ನಡ ಪಠ್ಯ ಓದುವ ಜಾವಾ ಪ್ರೋಗ್ರಾಮರ್ 255ರೊಡನೆ 'ಆಂಡ್' ಮಾಡಿ ಮೇಲಿನ ಬಿಟ್‌ಗಳನ್ನು ಅಳಿಸಿಕೊಳ್ಳಬೇಕು, ಆದರೆ ಎಲ್ಲ ಯಂತ್ರದಲ್ಲೂ ಒಂದೇ ಉತ್ತರ ಎಂಬ ನೆಮ್ಮದಿ ಇದೆ. ರಸ್ಟ್‌ನಲ್ಲಿ ಸಿ ಕೋಡ್ ಜೊತೆ ಮಾತಾಡುವಾಗ ಬಳಸುವ ಟೈಪ್ ಯಂತ್ರಕ್ಕೆ ತಕ್ಕಂತೆ ಬದಲಾಗುತ್ತದಾದರೂ, ಹೊಂದದಿದ್ದರೆ ಕಂಪೈಲ್ ಆಗುವಾಗಲೇ ತಡೆಯುತ್ತದೆ. ಸಿ++ 2020ರ ಸ್ಟ್ಯಾಂಡರ್ಡ್‌ನಲ್ಲಿ ಯುಟಿಎಫ್-8 ಪಠ್ಯಕ್ಕೆಂದೇ ಅನ್‌ಸೈನ್ಡ್ ಆದ 'ಚಾರ್8-ಟಿ' ಎಂಬ ಟೈಪನ್ನು ಸೇರಿಸಿತು. ಹಳೆಯ ಚಾರ್ ಮಾತ್ರ ಇದ್ದಲ್ಲೇ ಇದೆ.

ಮಾಡಬೇಕಾದದ್ದು

ಕರ್ನಲ್ ಮಾಡಿದಂತೆ ಕಂಪೈಲರ್‌ಗೆ ಒಂದು ಆಯ್ಕೆ ಕೊಟ್ಟು ಎಲ್ಲರೂ ಕೈತೊಳೆದುಕೊಳ್ಳಬಹುದೇ? ಮೈಕ್ರೋಸಾಫ್ಟ್ ಕಂಪೈಲರ್‌ಗೂ 'ಜೆ' ಎಂಬ ಅಂಥದೇ ಆಯ್ಕೆ ಇದೆ. ಕರ್ನಲ್ ತನ್ನ ಕೋಡನ್ನೆಲ್ಲ ತಾನೇ ಕಂಪೈಲ್ ಮಾಡುತ್ತದೆ. ಹೊರಗಿನ ಲೈಬ್ರರಿಯ ಹಂಗು ಅದಕ್ಕಿಲ್ಲ. ನಮ್ಮ ಪ್ರೋಗ್ರಾಮುಗಳು ಹಾಗಲ್ಲ. ಒಂದು ಭಾಗ ಒಂದು ಚಿಹ್ನೆಯಲ್ಲಿ, ಬೇರೆಯವರು ಕಂಪೈಲ್ ಮಾಡಿಕೊಟ್ಟ ಭಾಗ ಇನ್ನೊಂದರಲ್ಲಿ ಇದ್ದು, ನಡುವೆ ಚಾರ್ ದಾಟಿದರೆ ವ್ಯಾಜ್ಯ ಮನೆಯೊಳಗೇ ಬರುತ್ತದೆ. ನಾಳೆ ಆ ಕೋಡನ್ನು ಬೇರೊಬ್ಬರು ಆಯ್ಕೆ ಮರೆತು ಕಂಪೈಲ್ ಮಾಡಲೂಬಹುದು. ಆಯ್ಕೆ ಒಂದು ಊರುಗೋಲು, ನಡೆಯಬೇಕಾದದ್ದು ಕೋಡ್.

ಕೋಡ್ ನೆಟ್ಟಗೆ ನಿಲ್ಲಲು ಬೇಕಾದ ಶಿಸ್ತು ದೊಡ್ಡದಲ್ಲ. ವಾಹನಗಳ ತಂತ್ರಾಂಶಕ್ಕೆಂದು ಹುಟ್ಟಿದ ಮಿಸ್ರಾ ನಿಯಮಗಳು ಹೇಳುವುದೂ ಅದನ್ನೇ: ಬರಿಯ ಚಾರ್ ಅಕ್ಷರಕ್ಕೆ ಮಾತ್ರ, ಲೆಕ್ಕಕ್ಕಲ್ಲ. ಸಣ್ಣ ಸಂಖ್ಯೆ ಬೇಕಿದ್ದರೆ 1999ರ ಸ್ಟ್ಯಾಂಡರ್ಡ್ ಕೊಟ್ಟ ಎಂಟು ಬಿಟ್‌ನ ಪೂರ್ಣಾಂಕಗಳಿವೆ, ಹೆಸರಿನಲ್ಲೇ ಚಿಹ್ನೆ ಹೇಳುವಂಥವು. ಪಠ್ಯದ ಬೈಟನ್ನು ಹೋಲಿಸುವ, ಸರಿಸುವ, ಕೋಷ್ಟಕದಲ್ಲಿ ಹುಡುಕುವ ಮೊದಲು ಅನ್‌ಸೈನ್ಡ್ ಚಾರ್ ಎಂದು ಬರೆದು ತೋರಿಸಬೇಕು. ಗೆಟ್‌ಚಾರ್‌ನ ಉತ್ತರವನ್ನು ಪೂರ್ಣಾಂಕದಲ್ಲೇ ಹಿಡಿಯಬೇಕು. ಡಿಸ್ಕಿಗೋ ಜಾಲಕ್ಕೋ ಹೋಗುವ ಲೆಕ್ಕದಲ್ಲಿ ಬರಿಯ ಚಾರ್ ಕಾಣಲೇಬಾರದು. ಅಲ್ಲಿ ಆದ ತಪ್ಪನ್ನು ಆಮೇಲೆ ತಿದ್ದಲಾಗದು, ಹಣೆಪಟ್ಟಿ ಕಟ್ಟಿ ಸಾಕಬೇಕಾಗುತ್ತದೆ. ಎಂದೂ ನಿಜವಾಗದ ಹೋಲಿಕೆಯ ಬಗ್ಗೆ, ಹೊಂದದ ಪಾಯಿಂಟರ್‌ಗಳ ಬಗ್ಗೆ ಕಂಪೈಲರ್ ಎಚ್ಚರಿಕೆ ಕೊಟ್ಟರೆ ಬಾಯಿ ಮುಚ್ಚಿಸದೆ ಓದಬೇಕು.

ಕೊನೆಯ ಮಾತು ಕನ್ನಡ ಬಲ್ಲ ಪ್ರೋಗ್ರಾಮರ್‌ಗಳಿಗೆ. ಮೇಲಿನ ತಪ್ಪುಗಳು ವರ್ಷಗಟ್ಟಲೆ ಬಚ್ಚಿಟ್ಟುಕೊಂಡದ್ದು ಪರೀಕ್ಷೆಗೆ ಇಂಗ್ಲಿಷ್ ಪಠ್ಯವನ್ನಷ್ಟೇ ಕೊಟ್ಟದ್ದರಿಂದ. ಎಲ್ಲ ಬೈಟ್‌ಗಳೂ 128ರ ಮೇಲಿರುವ ಪಠ್ಯ ನಿಮ್ಮ ಬಾಯಲ್ಲೇ ಇದೆ. ನೀವು ಬರೆಯುವ, ತಿದ್ದುವ, ಬಳಸುವ ಪ್ರತಿಯೊಂದು ಸಿ ಪ್ರೋಗ್ರಾಮಿನ ಪರೀಕ್ಷೆಗೂ ಒಂದು ಕನ್ನಡ ಹೆಸರು, ಒಂದು ಕನ್ನಡ ಕಡತ, ಒಂದು ಕನ್ನಡ ಪಾಸ್‌ವರ್ಡ್ ಸೇರಿಸಿ. ಇಂಟೆಲ್ ಮೇಲೊಮ್ಮೆ, ಆರ್ಮ್ ಲಿನಕ್ಸ್ ಮೇಲೊಮ್ಮೆ ಓಡಿಸಿ. ಎರಡು ಉತ್ತರ ಬಂದರೆ ಕೋಡ್ ತೆರೆದು, ಎಲ್ಲಿ ಬರಿಯ ಚಾರ್ ಇದೆಯೋ ಅಲ್ಲಿ ನಿಮಗೆ ಬೇಕಾದ ಚಿಹ್ನೆಯನ್ನು ನೀವೇ ಬರೆಯಿರಿ.